ಅಂಗಡಿ, ಮನೆಗೆ ನೆರೆ ನೀರು: ಕೆಸರು ತೊಳೆಯೋ ಮುಂಚೆ ಫೋಟೊ ತೆಗೀರಿ, ವಿಮೆ ಕ್ಲೇಮಿಗೆ ಏನೇನು ಬೇಕು, ಇಲ್ಲಿದೆ ಮಾಹಿತಿ

ಗೋಕಾಕ: 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿ ಗೋಕಾಕ ಪಟ್ಟಣದೊಳಗೆ ನೀರು ನುಗ್ಗಿತ್ತು. ಕೃಷ್ಣಾ, ಮಲಪ್ರಭಾ ದಂಡೆಯ ಊರುಗಳದ್ದೂ ಆಗ ಅದೇ ಪಾಡು. ಇಂಥ ಹೊತ್ತಿನಲ್ಲಿ ನೀರು ಇಳಿದ ಕೂಡಲೇ ಎಲ್ಲರೂ ಮಾಡುವ ಮೊದಲ ಕೆಲಸ ಅಂದ್ರೆ ಕೆಸರು ಬಳಿದು, ಹಾಳಾದ ಮಾಲನ್ನು ರಸ್ತೆಗೆ ಹಾಕುವುದು. ವಿಮೆ ಇದ್ದವರು ಎಡವುವುದು ಅಲ್ಲೇ. ಅಂಗಡಿಯಲ್ಲಿ ಏನಿತ್ತು, ಎಷ್ಟು ಹಾಳಾಯ್ತು ಅಂತ ತೋರಿಸೋ ಸಾಕ್ಷಿ ಕೆಸರಿನ ಜೊತೆಗೇ ಹೋಗಿರುತ್ತದೆ.

ಪಾಲಿಸಿ ಇದ್ದರೂ ಗೊತ್ತಿರೋದಿಲ್ಲ

ಬ್ಯಾಂಕಿನಲ್ಲಿ ಸಿ.ಸಿ. ಸಾಲ ಅಥವಾ ಗೃಹಸಾಲ ಇರುವ ಅನೇಕರ ಹೆಸರಿನಲ್ಲಿ ವಿಮೆ ಇರುತ್ತದೆ. ಪ್ರೀಮಿಯಂ ಖಾತೆಯಿಂದಲೇ ಕಡಿತವಾಗುತ್ತದೆ, ಪಾಲಿಸಿ ಪ್ರತಿ ಬ್ಯಾಂಕಿನ ಫೈಲಿನಲ್ಲೇ ಉಳಿದಿರುತ್ತದೆ. ಹೀಗಾಗಿ ವಿಮೆ ಇಲ್ಲ ಅಂತ ಕೈಚೆಲ್ಲುವ ಮೊದಲು ಪಾಸ್‌ಬುಕ್ ನೋಡಬೇಕು, ಶಾಖೆಯಲ್ಲಿ ಕೇಳಬೇಕು.

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) ಎಲ್ಲ ಕಂಪನಿಗಳಿಗೂ ಒಂದೇ ನಮೂನೆಯ ಪಾಲಿಸಿಗಳನ್ನು ತಂದಿದೆ. ಮನೆಗೆ ‘ಭಾರತ್ ಗೃಹ ರಕ್ಷಾ’. ಒಂದೇ ಜಾಗದಲ್ಲಿರುವ ಕಟ್ಟಡ, ಯಂತ್ರ, ಮಾಲು ಎಲ್ಲ ಸೇರಿ 5 ಕೋಟಿ ರೂಪಾಯಿವರೆಗಿನ ಅಂಗಡಿ, ಸಣ್ಣ ಉದ್ದಿಮೆಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’. ಬೆಂಕಿ, ಭೂಕಂಪ, ಬಿರುಗಾಳಿ, ನೆರೆ, ಗುಡ್ಡ ಕುಸಿತ ಇವುಗಳಲ್ಲಿ ಸೇರಿವೆ. ನೆರೆ ಬಂದ ಏಳು ದಿನದೊಳಗೆ ಅದೇ ಕಾರಣಕ್ಕೆ ಕಳ್ಳತನವಾದರೆ ಅದಕ್ಕೂ ಕ್ಲೇಮ್ ಮಾಡಬಹುದು.

ಪಾಲಿಸಿ ಕೈಗೆ ಸಿಕ್ಕ ಮೇಲೆ ಮೂರು ವಿಷಯ ನೋಡಬೇಕು: ವಿಳಾಸ, ವಿಮೆ ಇರುವುದು ಯಾವುದಕ್ಕೆ, ಮೊತ್ತ ಎಷ್ಟು. ಅಂಗಡಿಯ ವಿಳಾಸಕ್ಕೆ ಮಾತ್ರ ಪಾಲಿಸಿ ಇದ್ದು, ಮಾಲು ಹಿಂದಿನ ಓಣಿಯ ಗೋಡೌನಿನಲ್ಲಿದ್ದರೆ ತಕರಾರು ಬರುತ್ತದೆ. ಬರೀ ಕಟ್ಟಡಕ್ಕೆ ವಿಮೆ ಇದ್ದರೆ ಮಾಲಿಗೆ ಹಣ ಸಿಗೋದಿಲ್ಲ.

ನೀರು ಇಳಿದ ಮೊದಲ ದಿನ

* ಹೆಸ್ಕಾಂ ಸಿಬ್ಬಂದಿ ಅಥವಾ ವೈರ್‌ಮನ್ ನೋಡುವ ತನಕ ಕರೆಂಟ್ ಹಾಕಬಾರದು. ಒದ್ದೆಯಾದ ಫ್ರಿಜ್, ಮೋಟಾರ್, ಕಂಪ್ಯೂಟರ್ ಚಾಲೂ ಮಾಡಿ ಸುಟ್ಟರೆ ಜೀವಕ್ಕೂ ಅಪಾಯ, ಕ್ಲೇಮಿಗೂ ತೊಂದರೆ.

* ಏನನ್ನೂ ಸರಿಸುವ ಮೊದಲು ಫೋಟೊ, ವಿಡಿಯೊ ತೆಗೆಯಬೇಕು. ಅಂಗಡಿಯ ಬೋರ್ಡಿನಿಂದ ಶುರು ಮಾಡಿ ಒಂದೊಂದೇ ರ‍್ಯಾಕ್ ತೋರಿಸಬೇಕು. ಗೋಡೆಯ ಮೇಲೆ ನೀರು ನಿಂತ ಗುರುತಿನ ಪಕ್ಕ ಟೇಪು ಹಿಡಿದು ಒಂದು ಫೋಟೊ ಇರಲಿ.

* ಕಂಪನಿಯ ಸಹಾಯವಾಣಿಗೆ ಅಂದೇ ತಿಳಿಸಿ ಕ್ಲೇಮ್ ನಂಬರ್ ಬರೆದಿಟ್ಟುಕೊಳ್ಳಬೇಕು. ಏಜೆಂಟರಿಗೆ ಬಾಯಿಮಾತಲ್ಲಿ ಹೇಳಿದರೆ ಸಾಲದು. ಇ-ಮೇಲ್ ಅಥವಾ ಪತ್ರವೂ ಹೋಗಬೇಕು. ಸಾಲವಿದ್ದರೆ ಬ್ಯಾಂಕಿಗೂ ಒಂದು ಪ್ರತಿ.

* ಒಣಗಿದ ಮಾಲು, ಒದ್ದೆ ಮಾಲು ಬೇರೆ ಬೇರೆ ಇಡಬೇಕು. ಉಳಿಸಬಹುದಾದ್ದನ್ನು ಉಳಿಸುವುದು ವಿಮೆದಾರರ ಜವಾಬ್ದಾರಿಯೂ ಹೌದು. ಹೇಗೂ ವಿಮೆ ಇದೆ ಅಂತ ಬಿಟ್ಟುಬಿಟ್ಟರೆ ಆ ಮೊತ್ತ ಕಡಿತವಾಗಬಹುದು.

* ಹಾಳಾದ ಮಾಲನ್ನು ಸರ್ವೇಯರ್ ನೋಡುವವರೆಗೆ ಎಸೆಯಬಾರದು. ಕಾಳುಕಡಿ, ಹಿಟ್ಟು ಕೊಳೆತು ನಾರುತ್ತಿದ್ದರೆ ಕಂಪನಿಗೆ ಇ-ಮೇಲ್ ಹಾಕಿ, ಒಪ್ಪಿಗೆ ಕೇಳಿ, ತೂಕ ಬರೆದು, ಫೋಟೊ ತೆಗೆದು ವಿಲೇವಾರಿ ಮಾಡಬೇಕು. ನಗರಸಭೆ ಅಥವಾ ಪಂಚಾಯಿತಿಯವರು ಸಾಗಿಸಿದರೆ ಅವರಿಂದ ಒಂದು ಚೀಟಿ ಪಡೆಯುವುದು ಒಳ್ಳೆಯದು.

ಬಿಲ್ಲೇ ತೊಯ್ದು ಹೋದರೆ?

ಇಲ್ಲಿ ಸರ್ವೇಯರ್ ಅಂದ್ರೆ ಜಮೀನು ಅಳೆಯುವವರಲ್ಲ. ನಷ್ಟ ಅಂದಾಜು ಮಾಡುವ ಲೈಸೆನ್ಸ್ ಪಡೆದವರು. ಅವರ ಶುಲ್ಕ ಕೊಡುವುದು ವಿಮಾ ಕಂಪನಿ, ಅಂಗಡಿಯವರಲ್ಲ. ಅವರು ಕೇಳುವ ಮುಖ್ಯ ಪ್ರಶ್ನೆ ಒಂದೇ: ನೆರೆ ಬಂದ ದಿನ ಅಂಗಡಿಯಲ್ಲಿ ಎಷ್ಟು ಮಾಲಿತ್ತು?

ಬಿಲ್ ಬುಕ್, ಖಾತೆ ಪುಸ್ತಕ ಕೆಸರಾಗಿದ್ದರೂ ದಾರಿ ಇದೆ. ಜಿಎಸ್‌ಟಿ ನೋಂದಣಿ ಇದ್ದವರ ಖರೀದಿ ವಿವರ ಪೋರ್ಟಲ್‌ನ ಜಿಎಸ್‌ಟಿಆರ್-2ಬಿ ಯಲ್ಲಿ ಸಿಗುತ್ತದೆ. ಹೋಲ್‌ಸೇಲ್ ವ್ಯಾಪಾರಿಗಳು ಬಿಲ್ಲಿನ ನಕಲು ಕೊಡುತ್ತಾರೆ. ಬ್ಯಾಂಕ್ ಸ್ಟೇಟ್‌ಮೆಂಟ್, ಸಿ.ಸಿ. ಸಾಲಕ್ಕೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್, ಲೆಕ್ಕ ಪರಿಶೋಧಕರ ಬಳಿ ಇರುವ ಕಳೆದ ವರ್ಷದ ಬ್ಯಾಲೆನ್ಸ್ ಶೀಟ್ ಸಹ ಆಧಾರವಾಗುತ್ತವೆ. ಬ್ಯಾಂಕಿಗೆ ಒಂದು ಲೆಕ್ಕ, ಸರ್ವೇಯರ್‌ಗೆ ಇನ್ನೊಂದು ಲೆಕ್ಕ ಕೊಟ್ಟರೆ ಇಡೀ ಕ್ಲೇಮ್ ಮೇಲೇ ಸಂಶಯ ಬರುತ್ತದೆ.

ನೆರೆಯಲ್ಲಿ ಹಾಳಾದ ಮಾಲಿಗೆ ಪಡೆದಿದ್ದ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ವಾಪಸ್ ಕಟ್ಟಬೇಕಾಗುತ್ತದೆ. ಇದನ್ನು ಲೆಕ್ಕ ಪರಿಶೋಧಕರ ಜೊತೆ ಮೊದಲೇ ಮಾತಾಡಿಕೊಳ್ಳುವುದು ಒಳಿತು.

4 ಲಕ್ಷ ನಷ್ಟಕ್ಕೆ 2 ಲಕ್ಷ ಯಾಕೆ?

ಅನೇಕರಿಗೆ ಸಿಟ್ಟು ಬರೋದು ಇಲ್ಲೇ. ಅಂಗಡಿಯಲ್ಲಿ 20 ಲಕ್ಷದ ಮಾಲಿದೆ, ಪ್ರೀಮಿಯಂ ಉಳಿಸಲು 10 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದಾರೆ ಅಂದುಕೊಳ್ಳಿ. 4 ಲಕ್ಷದ ಮಾಲು ಹಾಳಾದರೆ, 10 ಲಕ್ಷದ ಒಳಗೇ ಇದೆಯಲ್ಲ, ಪೂರ್ತಿ ಬರುತ್ತದೆ ಅನ್ನೋದು ಅವರ ಲೆಕ್ಕ. ಕಂಪನಿಯ ಲೆಕ್ಕ ಬೇರೆ: ಅರ್ಧಕ್ಕೆ ವಿಮೆ, ಆದ್ದರಿಂದ ಅರ್ಧ ಪರಿಹಾರ, 2 ಲಕ್ಷ. ಪಾಲಿಸಿಯಲ್ಲಿ ಬರೆದಿರುವ ‘ಎಕ್ಸೆಸ್’ ಮೊತ್ತ ಅದರಲ್ಲೂ ಕಡಿತ. ಸೂಕ್ಷ್ಮ ಉದ್ಯಮ ಪಾಲಿಸಿಯಲ್ಲಿ ಶೇ 15ರವರೆಗಿನ ಕೊರತೆಗೆ ಮಾಫಿ ಇದೆ. ಅದೇ ಅಂಗಡಿಗೆ 18 ಲಕ್ಷದ ವಿಮೆ ಇದ್ದಿದ್ದರೆ ಈ ಅರ್ಧದ ಕಡಿತ ಬರುತ್ತಿರಲಿಲ್ಲ. ಗೃಹ ರಕ್ಷಾ ಪಾಲಿಸಿಯಲ್ಲಿ ಈ ಕಡಿತವೇ ಇಲ್ಲ.

ಸೂಕ್ಷ್ಮ ಉದ್ಯಮ ಪಾಲಿಸಿಯಲ್ಲಿ ನಗದು, ಲೆಕ್ಕದ ಪುಸ್ತಕಗಳಿಗೆ ಸೀಮಿತ ಮೊತ್ತದವರೆಗೆ ಮಾತ್ರ ರಕ್ಷಣೆ ಇದೆ. ವಾಹನಕ್ಕೆ ಬೇರೆ ಪಾಲಿಸಿ ಬೇಕು. ಅಂಗಡಿ ಮುಚ್ಚಿದ್ದ ದಿನಗಳ ವ್ಯಾಪಾರ ನಷ್ಟಕ್ಕೂ ಇದರಲ್ಲಿ ಹಣವಿಲ್ಲ. ಸಾಲ ಇದ್ದರೆ ಪರಿಹಾರದ ಹಣ ಮೊದಲು ಬ್ಯಾಂಕಿನ ಖಾತೆಗೇ ಹೋಗುತ್ತದೆ.

ಸರ್ಕಾರಿ ಪರಿಹಾರವೇ ಬೇರೆ

ತಲಾಟಿ, ಎಂಜಿನಿಯರ್ ಬಂದು ಪಂಚನಾಮೆ ಮಾಡಿ ಹೋದರೆ ಅದು ಸರ್ಕಾರಿ ಪರಿಹಾರಕ್ಕೆ ಮಾತ್ರ. 2019ರಲ್ಲಿ ಪೂರ್ತಿ ಬಿದ್ದ ಮನೆಗಳಿಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿದ್ದು ಇಂಥದ್ದು. ಅದರಿಂದ ವಿಮೆ ಕ್ಲೇಮ್ ತಾನಾಗಿ ಶುರುವಾಗೋದಿಲ್ಲ. ಎರಡಕ್ಕೂ ಬೇರೆ ಬೇರೆ ಅರ್ಜಿ ಬೇಕು. ಪಂಚನಾಮೆಯ ಪ್ರತಿ ಮಾತ್ರ ವಿಮೆಗೂ ಒಳ್ಳೆಯ ಸಾಕ್ಷಿ.

ತಡವಾದರೆ, ತಿರಸ್ಕಾರವಾದರೆ

ಐಆರ್‌ಡಿಎಐನ 2024ರ ಸುತ್ತೋಲೆ ಪ್ರಕಾರ ಸರ್ವೇಯರ್ ನೇಮಕವಾದ 15 ದಿನದಲ್ಲಿ ವರದಿ ಬರಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ತಿರಸ್ಕರಿಸಿದರೆ ಪಾಲಿಸಿಯ ಯಾವ ಷರತ್ತಿನ ಮೇಲೆ ಅಂತ ಲಿಖಿತವಾಗಿ ಕೇಳಿ ಪಡೆಯಬೇಕು. ಸರ್ವೇ ವರದಿಯ ಪ್ರತಿಯನ್ನೂ ಕೇಳಬಹುದು. ಮೊತ್ತ ಕಡಿಮೆ ಅನ್ನಿಸಿದರೆ ‘ಪೂರ್ಣ ಮತ್ತು ಅಂತಿಮ’ ಎಂಬ ವೋಚರಿಗೆ ಓದದೆ ಸಹಿ ಹಾಕಬಾರದು. ಆಕ್ಷೇಪವನ್ನು ಬರಹದಲ್ಲಿ ದಾಖಲಿಸಬೇಕು.

ಮೊದಲ ದೂರು ಕಂಪನಿಯ ಕುಂದುಕೊರತೆ ಅಧಿಕಾರಿಗೆ. ಅದೇ ಹೊತ್ತಿಗೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ಅಥವಾ 155255 ಸಂಖ್ಯೆಯಲ್ಲೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಮನೆ ಮಾಲೀಕರಿಗೂ, ಒಬ್ಬರ ಹೆಸರಿನಲ್ಲಿರುವ ಅಂಗಡಿಗಳಿಗೂ ಈ ಅವಕಾಶವಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗೆ ಆದೇಶ ಕೊಡುವ ಅಧಿಕಾರ ಅವರಿಗಿದೆ. ಕಂಪನಿಯ ಉತ್ತರ ಬಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷದ ಗಡುವು.

ಮಳೆಗಾಲಕ್ಕೆ ಮುಂಚೆ

ಮೇ ತಿಂಗಳಲ್ಲೇ ಪಾಲಿಸಿಯ ವಿಳಾಸ, ಮೊತ್ತ, ಕೊನೆಯ ದಿನಾಂಕ ನೋಡಿಟ್ಟುಕೊಳ್ಳಬೇಕು. ಪಾಲಿಸಿಯ ಮತ್ತು ತುಂಬಿದ ರ‍್ಯಾಕುಗಳ ಫೋಟೊವನ್ನು ಬೇರೆ ಊರಲ್ಲಿರುವ ಮಗನಿಗೋ ಮಗಳಿಗೋ ವಾಟ್ಸಾಪ್ ಮಾಡಿಟ್ಟರೆ, ಅಂಗಡಿಯ ಮೊಬೈಲ್ ನೀರಿಗೆ ಬಿದ್ದರೂ ಸಾಕ್ಷಿ ಉಳಿಯುತ್ತದೆ.