ಹಕ್ಕು ಬಿಟ್ಟ ಹಿರಿಯ ಮಗ

ಮಂಗಳೂರಿನ ಚಾಪೆಲ್‌ನ ವರ್ಣಚಿತ್ರಗಳಲ್ಲಿ ನೀವು ಕಂಡಿರಬಹುದಾದ ಸಂತ ಅಲೋಶಿಯಸರು ಇಟಲಿಯ ಕಾಸ್ಟಿಲ್ಯೋನೆ ಸಂಸ್ಥಾನದ ಮಾರ್ಕ್ವಿಸ್ ಫೆರಾಂತೆ ಗೊನ್ಜಾಗರ ಹಿರಿಯ ಮಗ. ಬಿರುದೂ ಭೂಮಿಯೂ ಅವರಿಗೇ ಸಲ್ಲಬೇಕಾಗಿದ್ದವು. ಅವರಾದರೋ ಯೇಸುಸಭೆಯನ್ನು ಸೇರಬಯಸಿದರು. ತಂದೆ ಬಹುಕಾಲ ತಡೆದರು. ಸಂಸ್ಥಾನವು ಸಾಮ್ರಾಟನಿಗೆ ಅಧೀನವಾಗಿದ್ದುದರಿಂದ ಹಕ್ಕುತ್ಯಾಗಕ್ಕೆ ಆತನ ಒಪ್ಪಿಗೆಯೂ ಬೇಕಿತ್ತು. ಕೊನೆಗೆ 1585ರ ನವೆಂಬರ್‌ನಲ್ಲಿ, 17ರ ಹರೆಯದಲ್ಲಿ, ಅವರು ಮಾಂಟುವಾದಲ್ಲಿ ತ್ಯಾಗಪತ್ರಕ್ಕೆ ಸಹಿ ಹಾಕಿದರು. ಉತ್ತರಾಧಿಕಾರವು ತಮ್ಮ ರುಡಾಲ್ಫೊನ ಪಾಲಾಯಿತು.

ಮುಂದೆ ಸೋಲ್ಫೆರಿನೊ ಎಂಬ ಆಸ್ತಿಗಾಗಿ ರುಡಾಲ್ಫೊನಿಗೂ ಮಾಂಟುವಾದ ಡ್ಯೂಕನಿಗೂ ವ್ಯಾಜ್ಯ ಹುಟ್ಟಿತು. 1589ರಲ್ಲಿ ರೋಮಿನಿಂದ ಬಂದು ರಾಜಿ ಮಾಡಿಸಿದವರು ಅಲೋಶಿಯಸರೇ. ತನಗೆಂದು ಏನನ್ನೂ ಕೇಳದವರ ಮಾತಿಗೆ ತೂಕವಿತ್ತು. 1591ರಲ್ಲಿ, ರೋಮಿನ ಪ್ಲೇಗ್ ಪಿಡುಗಿನಲ್ಲಿ ರೋಗಿಗಳ ಸೇವೆ ಮಾಡುತ್ತಾ ಸೋಂಕು ತಗುಲಿ, 23ನೇ ವಯಸ್ಸಿನಲ್ಲಿ ಅವರು ಕಣ್ಮುಚ್ಚಿದರು. 1593ರಲ್ಲಿ ರುಡಾಲ್ಫೊ ಕೊಲೆಯಾದನು. ಬಿರುದು ಇನ್ನೊಬ್ಬ ತಮ್ಮ ಫ್ರಾನ್ಸೆಸ್ಕೊನಿಗೆ ಹೋಯಿತು.

ಮನೆ ಪಾಲಾಗುವಾಗ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇದ್ದಾರೆ. ಒಂದೇ ಬಲಿಪೂಜೆಗೆ ಬಂದರೂ ಬೇರೆ ಬೇರೆ ಬಾಗಿಲಿನಿಂದ ಹೊರಡುತ್ತಾರೆ. ಎಲ್ಲವನ್ನೂ ತ್ಯಜಿಸಿರೆಂದು ನಾನು ಹೇಳಲಾರೆ. ಆದರೆ ಗೇಣು ನೆಲ ಬಿಟ್ಟರೆ ತಮ್ಮನು ಉಳಿಯುವುದಾದರೆ, ಆ ಗೇಣನ್ನು ಬಿಡಲಾರೆವೇ?