ಟುಲ್‌ನ್‌ನ ನೆಲಮಾಳಿಗೆಯಲ್ಲಿ ಒಂದು ಒಂಟೆ

2006ರಲ್ಲಿ ಆಸ್ಟ್ರಿಯಾದ ಟುಲ್‌ನ್ ಎಂಬ ಊರಿನಲ್ಲಿ ಮಳಿಗೆಗಳ ಸಂಕೀರ್ಣ ಕಟ್ಟಲು ಹೊರಟಾಗ, ಅಲ್ಲಿ ನಡೆದ ಉತ್ಖನನದಲ್ಲಿ ಹಳೆಯ ನೆಲಮಾಳಿಗೆಯೊಂದರಿಂದ ಒಂಟೆಯ ಇಡೀ ಅಸ್ಥಿಪಂಜರ ಹೊರಬಂತು. ಡ್ಯಾನ್ಯೂಬ್ ನದಿ ದಂಡೆಯ ಊರಲ್ಲಿ ಒಂಟೆ! ಅದರ ಜೊತೆ ಸಿಕ್ಕ ಔಷಧದ ಸೀಸೆ ಮತ್ತು ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ಕಾಲದ ಒಂದು ಬಿಲ್ಲೆಯಿಂದ ಕಾಲ ಗೊತ್ತಾಯಿತು. ಅದು 17ನೇ ಶತಮಾನದ ಉತ್ತರಾರ್ಧ. 1683ರಲ್ಲಿ ಆಟೊಮನ್ ದಂಡು ವಿಯೆನ್ನಾವನ್ನು ಮುತ್ತಿದಾಗ ಅದರ ಜೊತೆ ಬಂದ, ಬಹುಶಃ ಸವಾರಿಗೆ ಬಳಸಿದ ಪ್ರಾಣಿ ಇದು ಎಂಬುದು ಸಂಶೋಧಕರ ತೀರ್ಮಾನ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನ ಸಂಗತಿ. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದರ ಡಿಎನ್‌ಎ ವಿವರಗಳಿವೆ. ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎ ಒಂದೇ ಡುಬ್ಬದ ಅರೇಬಿಯನ್ ಒಂಟೆಯದು. ಜೀವಕೋಶದ ಕೇಂದ್ರದ ಡಿಎನ್‌ಎಯಲ್ಲಿ ಎರಡು ಡುಬ್ಬದ ಬ್ಯಾಕ್ಟ್ರಿಯನ್ ಒಂಟೆಯ ಗುರುತೂ ಇತ್ತು. ಅಂದರೆ ಅಪ್ಪ ಮಧ್ಯ ಏಷ್ಯಾದ ಚಳಿನಾಡಿನವನು, ಅಮ್ಮ ಬಿಸಿನಾಡಿನವಳು.

ಇದು ಆಕಸ್ಮಿಕದ ಸಂತಾನವಲ್ಲ. ಅನತೋಲಿಯಾದ ದನಗಾಹಿಗಳು ಎರಡು ಡುಬ್ಬದ ಗಂಡುಗಳನ್ನು ದೂರದಿಂದ ತರಿಸಿ ತಮ್ಮ ಹೆಣ್ಣೊಂಟೆಗಳ ಮೇಲೆ ಬಿಡುತ್ತಿದ್ದರು. ಹುಟ್ಟಿದ ಮರಿ ತಾಯಿ ತಂದೆ ಇಬ್ಬರನ್ನೂ ಮೀರಿ ಬೆಳೆಯುತ್ತಿತ್ತು. 400 ಕಿಲೋ ಮೀರಿದ ಹೇರನ್ನೂ ಹೊರಬಲ್ಲದು, ಮಲೆ ದಾಟಬಲ್ಲದು, ಚಳಿ ತಡೆಯಬಲ್ಲದು. ತುರ್ಕರು ಅದನ್ನು ತುಲು ಎಂದರು, ಕಝಕರು ನಾರ್ ಎಂದರು. ಅಬುಲ್ ಫಜಲನ ಐನ್-ಇ-ಅಕ್ಬರಿಯಲ್ಲೂ ಯಾವ ಗಂಡು ಯಾವ ಹೆಣ್ಣನ್ನು ಕೂಡಿದರೆ ಮರಿಗೆ ಏನು ಹೆಸರು ಎಂಬ ಪಟ್ಟಿಯಿದೆ. ದರ್ಬಾರಿನ ಲೆಕ್ಕಕ್ಕೆ ಅದು ಅಷ್ಟು ಮುಖ್ಯವಾಗಿತ್ತು.

ನಮಗೆ ಗೊತ್ತಿರುವ ಮಿಶ್ರತಳಿ ಎಂದರೆ ಹೇಸರಗತ್ತೆ. ಅದಕ್ಕೆ ಸಾಮಾನ್ಯವಾಗಿ ಮರಿ ಹುಟ್ಟುವುದಿಲ್ಲ. ಒಂಟೆಯ ಕತೆ ಬೇರೆ. ಎರಡೂ ಜಾತಿಗಳಿಗೆ 74 ವರ್ಣತಂತುಗಳು, ಮಿಶ್ರಸಂತಾನವೂ ಫಲವಂತ. ಆದರೂ ಸಾಕುವವರು ಈ ಮಿಶ್ರಗಳನ್ನು ತಮ್ಮತಮ್ಮಲ್ಲೇ ಕೂಡಿಸಲು ಹಿಂಜರಿಯುತ್ತಿದ್ದರು. ಎರಡನೇ ತಲೆಮಾರಿನಲ್ಲಿ ಕಸುವು ಇಳಿದು, ಮರಿಗಳು ಕೃಶವೂ ಮೊಂಡೂ ಆಗುತ್ತವೆಂಬುದು ಅವರ ಅನುಭವ. ಹಾಗಾಗಿ ಬೇಕಾದಾಗಲೆಲ್ಲ ಮೊದಲ ತಲೆಮಾರನ್ನೇ ಹೊಸದಾಗಿ ಹುಟ್ಟಿಸಬೇಕು. ಅದಕ್ಕೆ ಎರಡು ಜಾತಿಗಳನ್ನೂ ಬೇರೆಬೇರೆಯಾಗಿ ಕಾಪಾಡಬೇಕು. ಮಿಶ್ರತೆಯ ಆಸೆಗೆ ಶುದ್ಧತೆಯ ಕಾವಲು ಎನ್ನಿ. ಬೆರೆತರೆ ಕೆಟ್ಟಿತು ಎನ್ನುವವರಿಗೂ ಬೆರೆತದ್ದೆಲ್ಲ ಒಳ್ಳೆಯದು ಎನ್ನುವವರಿಗೂ ಈ ಪ್ರಾಣಿಯಿಂದ ಉದಾಹರಣೆ ಸಿಗದು.

ಇತಿಹಾಸದ ವಿದ್ಯಾರ್ಥಿಯಾಗಿ ನನಗೆ ಕಾಡುವುದು ಇದರ ರೂಪ. ಎರಡು ಡುಬ್ಬಗಳು ಸೇರಿ ಇದರ ಬೆನ್ನ ಮೇಲೆ ಉದ್ದನೆಯ ಒಂದೇ ಡುಬ್ಬವಾಗುತ್ತದೆ, ನಡುವೆ ಸಣ್ಣ ತಗ್ಗು ಇದ್ದರೆ ಇದ್ದೀತು. ಮೇಲೆ ಹೇರು ಹೊರಿಸಿದರೆ ಅದೂ ಕಾಣದು. ಚಿತ್ರದಲ್ಲಿ, ಶಿಲ್ಪದಲ್ಲಿ ಒಂದು ಡುಬ್ಬ ಕಂಡ ಕೂಡಲೇ ‘ಅರೇಬಿಯನ್ ಒಂಟೆ’ ಎಂದು ಬರೆದುಬಿಡುತ್ತೇವೆ. ರಿಚರ್ಡ್ ಬುಲ್ಯೆಟ್ 1975ರ ತನ್ನ ‘ದಿ ಕ್ಯಾಮಲ್ ಅಂಡ್ ದ ವೀಲ್’ ಪುಸ್ತಕದಲ್ಲಿ, ರೇಷ್ಮೆದಾರಿಯ ವ್ಯಾಪಾರದಲ್ಲಿ ಈ ಮಿಶ್ರತಳಿಗೆ ದೊಡ್ಡ ಪಾತ್ರವಿತ್ತೆಂದು ವಾದಿಸಿದ. ಟುಲ್‌ನ್‌ನ ತಲೆಬುರುಡೆಯೂ ಬಹಳಷ್ಟು ತಾಯಿಯನ್ನೇ ಹೋಲುತ್ತಿತ್ತು. ಎಲುಬು ಮಾತ್ರ ನೋಡಿದ್ದರೆ ಅಪ್ಪನ ಸುಳಿವು ತಪ್ಪಿಹೋಗುವ ಸಂಭವವಿತ್ತು. ವರ್ತಕರ, ಸುಲ್ತಾನರ ಹೆಸರುಗಳು ದಾಖಲೆಗಳಲ್ಲಿ ಉಳಿದವು. ಹೇರು ಹೊತ್ತದ್ದು ಜಾತಿಯ ಹೆಸರನ್ನೂ ಕಳೆದುಕೊಂಡಿತು.

ಆ ಒಂಟೆಗೆ ಸುಮಾರು ಏಳು ವರ್ಷ, ಗಂಡು. ಮಾಂಸಕ್ಕಾಗಿ ಕಡಿದ ಗುರುತಿಲ್ಲ. ಊರವರು ಅದನ್ನು ಇಡಿಯಾಗಿ ನೆಲಮಾಳಿಗೆಗೆ ಹಾಕಿ, ಮೇಲೆ ಒಡೆದ ತಟ್ಟೆ, ಮಡಕೆ, ಸೀಸೆ ಸುರಿದು ಮುಚ್ಚಿದ್ದರು.