ಎಳ್ಳು ಅಮಾವಾಸ್ಯೆ: ಕೃಷ್ಣಾ ತೀರದ ಚರಗ, ರೋಮನ್ನರ ಸ್ಯಾಟರ್ನೇಲಿಯಾ

ಮಾರ್ಗಶಿರ ಮಾಸದ ಕೊನೆಗೆ, ಡಿಸೆಂಬರ್ ಇಲ್ಲವೆ ಜನವರಿಯಲ್ಲಿ ಬರುವ ಎಳ್ಳು ಅಮಾವಾಸ್ಯೆಯು ಉತ್ತರ ಕರ್ನಾಟಕದ ರೈತರ ಚಳಿಗಾಲದ ದೊಡ್ಡ ಹಬ್ಬ. ಬಾಗಲಕೋಟೆ ಜಿಲ್ಲೆಯ ಹಿಪ್ಪರಗಿ, ಜಮಖಂಡಿ, ಮುಧೋಳ, ಬೀಳಗಿ ಸೀಮೆಯಲ್ಲಿ ಅಂದು ಹೊಲದಲ್ಲಿ ‘ಚರಗ ಚೆಲ್ಲುವುದು’ ವಾಡಿಕೆ.

ಹಿಂಗಾರಿ ಬಿಳಿಜೋಳ ಬೆಳೆದು ನಿಂತಿರುವ ಹೊತ್ತಿದು. ಭೂತಾಯಿಯನ್ನು ಬಸಿರಿಯೆಂದು ಭಾವಿಸಿ ಆಕೆಗೆ ಬಯಕೆಯೂಟ ಬಡಿಸುವುದೇ ಚರಗದ ತಿರುಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಲೆ, ಮೊಸರಿನ ಬುತ್ತಿಯೊಂದಿಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲುಗಳನ್ನು ಪಾಂಡವರೆಂದು ಇರಿಸಿ ಪೂಜಿಸಿ, ನೈವೇದ್ಯವನ್ನು ಬೆಳೆಯ ನಡುವೆ ಚೆಲ್ಲುತ್ತಾರೆ. ಬಳಿಕ ನಂಟರು, ನೆರೆಹೊರೆಯವರು, ಆಳುಕಾಳುಗಳೊಂದಿಗೆ ಸಹಭೋಜನ.

ಇಂಥದೇ ಚಳಿಗಾಲದ ಹಬ್ಬವೊಂದು ಪ್ರಾಚೀನ ರೋಮ್‌ನಲ್ಲಿಯೂ ಇತ್ತು. ಬಿತ್ತನೆಯ ದೇವತೆ ಸ್ಯಾಟರ್ನ್‌ನ ಹೆಸರಿನ ‘ಸ್ಯಾಟರ್ನೇಲಿಯಾ’ ಡಿಸೆಂಬರ್ 17ರಂದು ಆರಂಭವಾಗುತ್ತಿತ್ತು. ಕಾಲಕ್ರಮೇಣ ಅದು 23ರವರೆಗೂ ಹಬ್ಬಿತು. ಕ್ರಿ.ಪೂ. 217ರಲ್ಲಿ ಅದಕ್ಕೆ ಸಾರ್ವಜನಿಕ ಔತಣ ಸೇರಿತು. ನ್ಯಾಯಾಲಯ, ಶಾಲೆಗಳಿಗೆ ಬಿಡುವು. ವರ್ಷವಿಡೀ ದೇವರ ಮೂರ್ತಿಯ ಕಾಲಿಗೆ ಸುತ್ತಿರುತ್ತಿದ್ದ ಉಣ್ಣೆಯ ಕಟ್ಟನ್ನು ಆಗ ಬಿಚ್ಚುತ್ತಿದ್ದರು. ಮೇಣದ ಬತ್ತಿ, ಮಣ್ಣಿನ ಗೊಂಬೆಗಳ ಉಡುಗೊರೆ ನಡೆಯುತ್ತಿತ್ತು. ನಿಷಿದ್ಧವಾದ ಪಗಡೆ ಜೂಜಿಗೂ ಅನುಮತಿಯಿತ್ತು. ಒಡೆಯರು ಗುಲಾಮರೊಂದಿಗೆ ಉಣ್ಣುವುದು, ಕೆಲವೆಡೆ ತಾವೇ ಅವರಿಗೆ ಬಡಿಸುವುದು ಈ ಹಬ್ಬದ ವಿಶೇಷ. ಆದರೆ ಹಬ್ಬ ಮುಗಿದೊಡನೆ ಗುಲಾಮ ಮತ್ತೆ ಗುಲಾಮನೇ.

ಎರಡು ಹಬ್ಬಗಳಿಗೂ ಚಾರಿತ್ರಿಕ ಸಂಬಂಧವಿಲ್ಲ. ಆದರೆ ಬಿತ್ತಿದವನ ಹರಕೆ ಹಾಗೂ ಹಂಚಿ ಉಣ್ಣುವ ಗುಣ ಎರಡರಲ್ಲಿಯೂ ಉಂಟು. ಕ್ರೈಸ್ತಧರ್ಮ ಬೇರೂರಿದ ಬಳಿಕ ಸ್ಯಾಟರ್ನೇಲಿಯಾ ಮರೆಯಾಯಿತು. ಚರಗ ಇಂದಿಗೂ ಉಳಿದಿದೆ, ಬದಲಾಗಿರುವುದು ಹೊಲ.

ಹಿಪ್ಪರಗಿಯ ಬಳಿ ಕೃಷ್ಣೆಗೆ ಬ್ಯಾರೇಜ್ ಇದೆ. ನೀರಾವರಿ ಹಾಗೂ ಸಕ್ಕರೆ ಕಾರ್ಖಾನೆಗಳಿಂದಾಗಿ ಈ ಸೀಮೆಯ ಮುಖ್ಯ ಬೆಳೆ ಈಗ ಕಬ್ಬು. ಎಳ್ಳು ಅಮಾವಾಸ್ಯೆಯ ದಿನಗಳು ಕಬ್ಬು ನುರಿಸುವ ಹಂಗಾಮೂ ಹೌದು. ಕಟಾವಿನ ಕೂಲಿಕಾರರಿಗೆ ಅದು ದುಡಿಮೆಯ ಭರದ ಕಾಲ. ಜೋಳದ ಲೆಕ್ಕದಲ್ಲಿ ಹುಟ್ಟಿದ ಹಬ್ಬಕ್ಕೆ ಕಬ್ಬಿನ ಗದ್ದೆಯಲ್ಲಿ ನೆಲೆ ದೊರೆಯಬೇಕಾದರೆ, ಆ ಕೂಲಿಕಾರರೂ ಪಂಕ್ತಿಯಲ್ಲಿ ಕೂರುವಂತಾಗಬೇಕು. ಚರಗದ ಬುತ್ತಿ ಹೊಲದೊಡೆಯನಿಗಷ್ಟೇ ಕಟ್ಟಿದ್ದಲ್ಲ.